ಗ್ರಂಥಾಲಯಕ್ಕೊಂದು ಟೆಲಿಗ್ರಾಂ ಬಾಟ್: ಕನ್ನಡ ಶೀರ್ಷಿಕೆಗಳ ಹುಡುಕಾಟ, ಬಟನ್ ಮತ್ತು ನೆನಪಿನ ಸಂದೇಶಗಳ ತೊಡಕು

ಪ್ರಶ್ನೆ
ಬರೆದವರು: ಓದುಗಬಳಗ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಓದುಗರೇ ಸೇರಿ ನಡೆಸುವ ಸಣ್ಣ ಗ್ರಂಥಾಲಯವೊಂದಿದೆ. ಅದು ಸಂಜೆಯ ಹೊತ್ತು ಮಾತ್ರ ತೆರೆದಿರುತ್ತದೆ. ಬೇಕಾದ ಪುಸ್ತಕ ಕಪಾಟಿನಲ್ಲಿದೆಯೋ, ಬೇರೊಬ್ಬರು ಒಯ್ದಿದ್ದಾರೋ ಎಂಬುದು ತಿಳಿಯದೆ, ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬಂದವರು ಬರಿಗೈಯಲ್ಲಿ ಹಿಂದಿರುಗುವುದು ಆಗಾಗ ನಡೆಯುತ್ತದೆ. ಮನೆಯಿಂದಲೇ ವಿಚಾರಿಸುವ ಅನುಕೂಲ ಅವರಿಗಿರಲಿ ಎಂಬ ಉದ್ದೇಶದಿಂದ ಟೆಲಿಗ್ರಾಂನಲ್ಲಿ ಒಂದು ಬಾಟ್ (ಸಂದೇಶಗಳಿಗೆ ತಾನಾಗಿ ಉತ್ತರಿಸುವ ಪ್ರೋಗ್ರಾಂ) ರೂಪಿಸುತ್ತಿದ್ದೇನೆ. ಓದುಗರು ಪುಸ್ತಕದ ಹೆಸರನ್ನು ಕನ್ನಡದಲ್ಲಿ ಬರೆದು ಕಳುಹಿಸಿದರೆ ಹೊಂದುವ ಶೀರ್ಷಿಕೆಗಳನ್ನು ಬಾಟ್ ಬಟನ್‌ಗಳಾಗಿ ತೋರಿಸಬೇಕು. ಒಂದನ್ನು ಒತ್ತಿದಾಗ ಪುಸ್ತಕ ಲಭ್ಯವಿದೆಯೇ ಎಂದು ತಿಳಿಸಿ, ಬೇಕೆಂದರೆ ಕಾಯ್ದಿರಿಸಬೇಕು. ಹಿಂದಿರುಗಿಸುವ ದಿನ ಹತ್ತಿರವಾದಾಗ ಬೆಳಿಗ್ಗೆ 8 ಗಂಟೆಗೆ ನೆನಪಿಸಬೇಕು. ಪೈಥಾನ್ ಭಾಷೆಯನ್ನೂ ಪೈಥಾನ್-ಟೆಲಿಗ್ರಾಂ-ಬಾಟ್ ಎಂಬ ಲೈಬ್ರರಿಯನ್ನೂ (ಸಿದ್ಧ ಕೋಡಿನ ಸಂಗ್ರಹ) ಬಳಸುತ್ತಿದ್ದೇನೆ. ಹೊಸ ಬಾಟ್‌ಗಳನ್ನು ನೋಂದಾಯಿಸಿಕೊಡುವ ಟೆಲಿಗ್ರಾಂನ ಬಾಟ್‌ಫಾದರ್‌ನಿಂದ ಟೋಕನ್ (ಬಾಟ್‌ನ ಗುಪ್ತ ಕೀಲಿ) ಪಡೆಯುವವರೆಗೆ ಯಾವ ಅಡ್ಡಿಯೂ ಆಗಲಿಲ್ಲ. ಆಮೇಲಿನ ತೊಡಕುಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದಾಗಿ, ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ಪಾಠಗಳು ಅಪ್‌ಡೇಟರ್ ಮತ್ತು ಡಿಸ್ಪ್ಯಾಚರ್ ಎಂಬ, ಸಂದೇಶಗಳನ್ನು ಪಡೆದು ಹಂಚುವ ಭಾಗಗಳಿಂದ ಆರಂಭವಾಗುತ್ತವೆ. ಈಗಿನ ಆವೃತ್ತಿಯಲ್ಲಿ ಆ ಕೋಡ್ ಮೊದಲ ಸಾಲಿನಲ್ಲೇ ದೋಷ ತೋರಿಸಿ ನಿಲ್ಲುತ್ತದೆ. ಹಳೆಯ ಆವೃತ್ತಿಯನ್ನೇ ಸ್ಥಾಪಿಸಿಕೊಳ್ಳುವುದು ಸರಿಯೇ?

ಎರಡನೆಯದು ನನಗೆ ಅತ್ಯಂತ ಮುಖ್ಯವಾದುದು. ನಮ್ಮ ಪುಸ್ತಕಗಳ ಪಟ್ಟಿಯನ್ನು ಹಿಂದೆ ನುಡಿ ಫಾಂಟಿನಲ್ಲಿ ಎಕ್ಸೆಲ್ ಕಡತವಾಗಿ ಬೆರಳಚ್ಚಿಸಲಾಗಿತ್ತು. ಅದನ್ನು ಯುನಿಕೋಡ್‌ಗೆ ಪರಿವರ್ತಿಸಿ ಎಸ್‌ಕ್ಯುಲೈಟ್ ದತ್ತಕೋಶಕ್ಕೆ ಸೇರಿಸಿದ್ದೇನೆ. ಕಣ್ಣಿಗೆ ಅಕ್ಷರಶಃ ಒಂದೇ ಆಗಿ ಕಾಣುವ ಶೀರ್ಷಿಕೆಯನ್ನು ಓದುಗರು ಕಳುಹಿಸಿದರೂ ಬಾಟ್ ಕೆಲವು ಬಾರಿ "ಸಿಗಲಿಲ್ಲ" ಎನ್ನುತ್ತದೆ.

ಮೂರನೆಯದಾಗಿ, ಚಿಕ್ಕ ಶೀರ್ಷಿಕೆಗಳಿಗೆ ಬಟನ್ ಸರಿಯಾಗಿ ಮೂಡುತ್ತದೆ. ಉದ್ದದ ಕನ್ನಡ ಶೀರ್ಷಿಕೆ ಬಂದರೆ ಬಟನ್ ಡೇಟಾ ಅಮಾನ್ಯ ಎಂಬ ದೋಷ ಬರುತ್ತದೆ. ಅಷ್ಟೇ ಉದ್ದದ ಇಂಗ್ಲಿಷ್ ಶೀರ್ಷಿಕೆಗಳಿಗೆ ಈ ತೊಂದರೆಯಿಲ್ಲ. ಕೊನೆಯದಾಗಿ, 8 ಗಂಟೆಗೆ ಹೋಗಬೇಕಾದ ಸಂದೇಶ ಮಧ್ಯಾಹ್ನ ಒಂದೂವರೆಗೆ ತಲುಪುತ್ತಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1
ಬರೆದವರು: ಪೈಥಾನ್‌ಪಥಿಕ

ಹಳೆಯ ಆವೃತ್ತಿಗೆ ಹಿಂದಿರುಗಬೇಡಿ. ಈ ಲೈಬ್ರರಿಯ 20ನೆಯ ಆವೃತ್ತಿ 2023ರ ಜನವರಿಯಲ್ಲಿ ಹೊರಬಂದಾಗ ಅದರ ಒಳರಚನೆಯೇ ಬದಲಾಯಿತು. 13ನೆಯ ಆವೃತ್ತಿಯವರೆಗೆ ಅದು ಥ್ರೆಡ್‌ಗಳನ್ನು (ಜತೆಜತೆಗೆ ಓಡುವ ಕೆಲಸದ ಎಳೆಗಳನ್ನು) ಆಧರಿಸಿತ್ತು. 20ರಿಂದ ಮುಂದೆ ಒಂದು ಕೆಲಸ ಕಾಯುವ ಹೊತ್ತಿನಲ್ಲಿ ಬೇರೆ ಕೆಲಸ ನಡೆಸುವ ಪೈಥಾನ್‌ನ ಅಸಿಂಕ್‌ಐಒ ವ್ಯವಸ್ಥೆಯ ಮೇಲೆ ನಿಂತಿದೆ. ಹೀಗಾಗಿ ಹಳೆಯ ಪಾಠಗಳ ಕೋಡಿಗೂ ಈಗಿನ ಲೈಬ್ರರಿಗೂ ಹೊಂದಾಣಿಕೆಯಿಲ್ಲ. ಪಾಠವೊಂದರಲ್ಲಿ ಫಂಕ್ಷನ್‌ಗಳ ಮುಂದೆ ಅಸಿಂಕ್ ಎಂಬ ಪದವೂ, ಸಂದೇಶ ಕಳುಹಿಸುವ ಸಾಲುಗಳಲ್ಲಿ ಅವೇಟ್ ಎಂಬ ಪದವೂ ಇಲ್ಲದಿದ್ದರೆ ಅದು ಹಳೆಯದೆಂದು ತಿಳಿದು ಬದಿಗಿಡಿ.

ಈಗಿನ ಕ್ರಮದಲ್ಲಿ ಅಪ್ಲಿಕೇಶನ್‌ಬಿಲ್ಡರ್‌ಗೆ ಟೋಕನ್ ಕೊಟ್ಟು ಅಪ್ಲಿಕೇಶನ್ ಕಟ್ಟಿಕೊಳ್ಳಬೇಕು, ಅದಕ್ಕೆ ಹ್ಯಾಂಡ್ಲರ್‌ಗಳನ್ನು (ಆಯಾ ಬಗೆಯ ಸಂದೇಶವನ್ನು ನಿಭಾಯಿಸುವ ಭಾಗಗಳನ್ನು) ಸೇರಿಸಬೇಕು, ಕೊನೆಗೆ ಬಾಟ್ ಅನ್ನು ಚಾಲೂ ಮಾಡುವ ರನ್‌ಪೋಲಿಂಗ್ ಕರೆಯಬೇಕು. ಹ್ಯಾಂಡ್ಲರ್‌ಗಳನ್ನು ಸೇರಿಸುವ ಅನುಕ್ರಮಕ್ಕೆ ಬೆಲೆಯಿದೆ: ಒಂದು ಗುಂಪಿನಲ್ಲಿ ಮೊದಲು ಹೊಂದಿದ ಹ್ಯಾಂಡ್ಲರ್ ಒಂದೇ ಕೆಲಸ ಮಾಡುತ್ತದೆ, ಉಳಿದವುಗಳಿಗೆ ಆ ಸಂದೇಶ ತಲುಪುವುದಿಲ್ಲ. ಎಲ್ಲ ಬಗೆಯ ಪಠ್ಯವನ್ನೂ ಸ್ವೀಕರಿಸುವ ಹುಡುಕಾಟದ ಹ್ಯಾಂಡ್ಲರ್ ಅನ್ನು ಕೊನೆಯಲ್ಲಿಡುವುದು ಕ್ಷೇಮ.

ಅಸಿಂಕ್ ಫಂಕ್ಷನ್‌ನ ಒಳಗೆ ಟೈಮ್ ಮಾಡ್ಯೂಲಿನ ಸ್ಲೀಪ್ ಅನ್ನಾಗಲಿ, ರಿಕ್ವೆಸ್ಟ್ಸ್ ಲೈಬ್ರರಿಯ ಮೂಲಕ ಬೇರೊಂದು ಜಾಲತಾಣಕ್ಕೆ ಹೋಗಿ ಕಾಯುವ ಕರೆಯನ್ನಾಗಲಿ ಇಟ್ಟರೆ, ಆ ಒಬ್ಬ ಓದುಗರ ಕೆಲಸ ಮುಗಿಯುವವರೆಗೆ ಬಾಟ್ ಎಲ್ಲರಿಗೂ ಮೌನವಾಗಿಬಿಡುತ್ತದೆ. ಎಸ್‌ಕ್ಯುಲೈಟ್ ಹುಡುಕಾಟವೂ ಈ ಅರ್ಥದಲ್ಲಿ ತಡೆಯುವ ಕರೆಯೇ. ಆದರೆ ಸಣ್ಣ ಗ್ರಂಥಾಲಯದ ಪಟ್ಟಿಗೆ ಅದು ಕ್ಷಣಮಾತ್ರದ ಕೆಲಸವಾದ್ದರಿಂದ ಅಲ್ಲಿ ಚಿಂತಿಸಬೇಕಿಲ್ಲ.

ನೆನಪಿನ ಸಂದೇಶದ ಸಮಯ ತಪ್ಪುತ್ತಿರುವ ಕಾರಣ ಸರಳವಾಗಿದೆ. ನಮ್ಮ ಸಮಯ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ನಿಗದಿತ ಕೆಲಸಗಳನ್ನು (ಜಾಬ್‌ಗಳನ್ನು) ನೋಡಿಕೊಳ್ಳುವ ಜಾಬ್‌ಕ್ಯೂನ ರನ್‌ಡೈಲಿಗೆ ಕಾಲವಲಯವಿಲ್ಲದ 8 ಗಂಟೆಯನ್ನು ಕೊಟ್ಟರೆ ಅದನ್ನು ಯುಟಿಸಿಯ 8 ಎಂದೇ ಗಣಿಸಲಾಗುತ್ತದೆ. ಆಗ ಇಲ್ಲಿ ಮಧ್ಯಾಹ್ನ 1:30. ಪೈಥಾನ್ 3.9ರಿಂದ ಇರುವ ಜೋನ್‌ಇನ್ಫೋ ಮಾಡ್ಯೂಲಿನಿಂದ ಏಷ್ಯಾ/ಕೋಲ್ಕತಾ ವಲಯವನ್ನು ಪಡೆದು, ಸಮಯದ ಜತೆಗೆ ಸೇರಿಸಿ ಕೊಡಿ. ವಿಂಡೋಸ್ ಗಣಕದಲ್ಲಿ ಬಾಟ್ ನಡೆಸುವುದಾದರೆ ಟಿಜೆಡ್‌ಡೇಟಾ ಎಂಬ ಪ್ಯಾಕೇಜನ್ನೂ ಸ್ಥಾಪಿಸಬೇಕಾಗುತ್ತದೆ, ಇಲ್ಲದಿದ್ದರೆ ವಲಯದ ಹೆಸರು ಸಿಗುವುದಿಲ್ಲ.

ಪ್ರತಿಯೊಂದು ಪುಸ್ತಕಕ್ಕೂ ಬೇರೆ ಬೇರೆ ಜಾಬ್ ನಿಗದಿಪಡಿಸುವ ಯೋಚನೆ ನಿಮಗಿದ್ದರೆ ಅದನ್ನು ಕೈಬಿಡಿ ಎಂಬುದು ನನ್ನ ಸಲಹೆ. ಲೈಬ್ರರಿಯ ಪರ್ಸಿಸ್ಟೆನ್ಸ್ ಸೌಲಭ್ಯವು ಸಂಭಾಷಣೆಯ ಹಂತಗಳನ್ನು ಉಳಿಸಿಡುತ್ತದೆಯೇ ಹೊರತು ಜಾಬ್‌ಗಳನ್ನಲ್ಲ. ಕರೆಂಟು ಹೋಗಿ ಗಣಕ ಮತ್ತೆ ಚಾಲೂ ಆದಾಗ ನಿಗದಿಯಾಗಿದ್ದ ನೆನಪುಗಳೆಲ್ಲ ಅಳಿದಿರುತ್ತವೆ. ದಿನಕ್ಕೊಂದು ಜಾಬ್ ಇರಲಿ. ಅದು ಬೆಳಿಗ್ಗೆ ದತ್ತಕೋಶವನ್ನು ಓದಿ, ಗಡುವು ಸಮೀಪಿಸಿದ ಪುಸ್ತಕಗಳನ್ನು ಆಯ್ದು ಸಂದೇಶ ಕಳುಹಿಸಲಿ. ದಿನಾಂಕಗಳು ದತ್ತಕೋಶದಲ್ಲಿರುವವರೆಗೆ ಏನೂ ಕಳೆದುಹೋಗುವುದಿಲ್ಲ.

ಉತ್ತರ 2
ಬರೆದವರು: ಹೊಳೆದಂಡೆ

ಬಟನ್‌ನ ತೊಂದರೆಗೆ ಕಾರಣ ಅಕ್ಷರಗಳ ಸಂಖ್ಯೆಯಲ್ಲ, ಬೈಟ್‌ಗಳ ಸಂಖ್ಯೆ. ಸಂದೇಶದ ಕೆಳಗೆ ಮೂಡುವ ಬಟನ್‌ನೊಳಗೆ ಅಡಗಿಸಿಡುವ ಕಾಲ್‌ಬ್ಯಾಕ್ ಡೇಟಾ 1ರಿಂದ 64 ಬೈಟ್‌ಗಳಷ್ಟೇ ಇರಬಹುದೆಂದು ಟೆಲಿಗ್ರಾಂ ವಿಧಿಸಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರವನ್ನು ಉಂಟುಮಾಡುವ ಹಲಂತ, ಇವೆಲ್ಲವೂ ಪ್ರತ್ಯೇಕ ಸಂಕೇತಗಳೇ. "ಗ್ರಂಥಾಲಯ" ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಸಂಕೇತಗಳು 8, ಬೈಟ್‌ಗಳು 24. ಒಟ್ಟು 21 ಕನ್ನಡ ಸಂಕೇತಗಳಿಗೆ ಆ ಮಿತಿ ತುಂಬಿಹೋಗುತ್ತದೆ.

ಆದುದರಿಂದ ಶೀರ್ಷಿಕೆಯನ್ನು ಬಟನ್‌ನ ಮೇಲೆ ಕಾಣುವ ಬರಹವಾಗಿ ಮಾತ್ರ ಬಳಸಿ, ಕಾಲ್‌ಬ್ಯಾಕ್ ಡೇಟಾದಲ್ಲಿ ನಿಮ್ಮ ರಿಜಿಸ್ಟರಿನ ಪುಸ್ತಕ ಸಂಖ್ಯೆಯನ್ನಿಡಿ. ಯಾವುದೇ ವಸ್ತುವನ್ನು ಕಾಲ್‌ಬ್ಯಾಕ್ ಡೇಟಾ ಆಗಿ ಕೊಡಲು ಅವಕಾಶ ನೀಡುವ ಸೌಲಭ್ಯವೊಂದು ಈ ಲೈಬ್ರರಿಯಲ್ಲಿದೆ. ಆದರೆ ಅದು ಮಾಹಿತಿಯನ್ನು ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುವುದರಿಂದ, ಪರ್ಸಿಸ್ಟೆನ್ಸ್ ಅಳವಡಿಸದಿದ್ದರೆ ಬಾಟ್ ಮರುಚಾಲನೆಯಾದ ಮೇಲೆ ಹಳೆಯ ಬಟನ್‌ಗಳು ನಿಷ್ಪ್ರಯೋಜಕವಾಗುತ್ತವೆ. ಗ್ರಂಥಾಲಯದಲ್ಲಿ ಪ್ರತಿ ಪುಸ್ತಕಕ್ಕೂ ಸಂಖ್ಯೆ ಇದ್ದೇ ಇರುವಾಗ ಆ ಸೌಲಭ್ಯದ ಅಗತ್ಯ ನನಗೆ ಕಾಣುವುದಿಲ್ಲ.

ಬಟನ್ ಒತ್ತಿದ ಕೂಡಲೇ ಬಾಟ್‌ಗೆ ಬರುವ ಕ್ವೆರಿಗೆ (ಒತ್ತಿದ ಸೂಚನೆಗೆ) ಆನ್ಸರ್ ಎಂಬ ಉತ್ತರವನ್ನು ಕೊಡಲೇಬೇಕು. ಕೊಡದಿದ್ದರೆ ಓದುಗರ ಫೋನಿನಲ್ಲಿ ಆ ಬಟನ್ ಕಾಯುತ್ತಿರುವ ಚಿಹ್ನೆಯನ್ನೇ ತೋರಿಸುತ್ತಿರುತ್ತದೆ. ಇನ್ನೊಂದು ಸಂಗತಿ, ಬಟನ್‌ಗಳು ಚಾಟ್‌ನಲ್ಲಿ ಉಳಿದುಕೊಳ್ಳುತ್ತವೆ. ಸೋಮವಾರ ಮೂಡಿದ ಬಟನ್ ಅನ್ನು ಓದುಗರು ಶುಕ್ರವಾರ ಒತ್ತಬಹುದು, ಅಷ್ಟರಲ್ಲಿ ಪುಸ್ತಕ ಬೇರೊಬ್ಬರ ಕೈಸೇರಿರಬಹುದು. ಆದ್ದರಿಂದ ಮೊದಲು ಲಭ್ಯತೆ ನೋಡಿ ಆಮೇಲೆ ಕಾಯ್ದಿರಿಸುವ ಎರಡು ಹೆಜ್ಜೆಗಳ ಬದಲು, "ಲಭ್ಯವಿದ್ದರೆ ಮಾತ್ರ ಈ ಸದಸ್ಯರ ಹೆಸರಿಗೆ ಬರೆ" ಎಂಬ ಒಂದೇ ಅಪ್‌ಡೇಟ್ ಆಜ್ಞೆಯನ್ನು ದತ್ತಕೋಶಕ್ಕೆ ಕೊಟ್ಟು, ಎಷ್ಟು ಸಾಲು ಬದಲಾಯಿತೆಂದು ಪರಿಶೀಲಿಸಿ. ಸೊನ್ನೆ ಬಂದರೆ ಪುಸ್ತಕ ಹೋಗಿದೆ ಎಂದರ್ಥ.

ಉತ್ತರ 3
ಬರೆದವರು: ಲಿಪಿಶೋಧಕ

ನಿಮ್ಮ ಎರಡನೆಯ ತೊಡಕಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ಕನ್ನಡದಲ್ಲಿ ಉತ್ತರಿಸಬೇಕಾದ ಯಾವುದೇ ಬಾಟ್‌ನ ಯೋಗ್ಯತೆ ಇಲ್ಲಿಯೇ ನಿರ್ಧಾರವಾಗುತ್ತದೆ. ಲೈಬ್ರರಿ ಸಂದೇಶವನ್ನು ತಂದುಕೊಡುತ್ತದೆ ಅಷ್ಟೆ. ಬಂದ ಪಠ್ಯವನ್ನು ಅರಿಯುವ ಹೊಣೆ ನಮ್ಮದು.

ಕಣ್ಣಿಗೆ ಒಂದೇ ಆಗಿ ಕಾಣುವ ಪದ ಒಳಗೆ ಬೇರೆ ಬೇರೆ ಸಂಕೇತಗಳ ಸರಣಿಯಾಗಿರಬಹುದು. "ಕೊಡೆ" ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಈಕಾರ, ಏಕಾರ, ಓಕಾರಗಳಿಗೂ ಹ್ರಸ್ವ ಚಿಹ್ನೆಯ ಮುಂದೆ ದೀರ್ಘದ ಗುರುತನ್ನು ಪ್ರತ್ಯೇಕವಾಗಿ ಸೇರಿಸಿದ ರೂಪವಿದೆ. ಹಳೆಯ ಫಾಂಟುಗಳಿಂದ ಪರಿವರ್ತನೆಯಾದ ಪಠ್ಯದಲ್ಲಿ ಇಂತಹ ಬಿಡಿಬಿಡಿ ರೂಪಗಳು ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು, ಏಕೆಂದರೆ ಆ ಫಾಂಟುಗಳು ಅಕ್ಷರಗಳನ್ನಲ್ಲ, ಅಕ್ಷರಗಳ ತುಂಡುಗಳನ್ನು ಸಂಗ್ರಹಿಸುತ್ತಿದ್ದವು. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂಬ ಕ್ರಮವನ್ನು ಸೂಚಿಸಿದರೆ ಇವೆಲ್ಲವೂ ಒಂದೇ ರೂಪಕ್ಕೆ ಬರುತ್ತವೆ.

ಆದರೆ ಕಣ್ಣಿಗೆ ಕಾಣದ ಜೋಡಕ ಮತ್ತು ಬಿಡಿಸುವ ಚಿಹ್ನೆಗಳನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. "ಸಾಫ್ಟ್‌ವೇರ್" ಎಂದು ಬರೆಯುವಾಗ ವಕಾರ ಒತ್ತಾಗದಂತೆ ತಡೆಯಲು ನಡುವೆ ಬಿಡಿಸುವ ಚಿಹ್ನೆಯೊಂದನ್ನು ಹಾಕುತ್ತೇವೆ. ಒಬ್ಬರ ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಪದದ ಕೊನೆಯಲ್ಲಿ ಅನಗತ್ಯವಾಗಿ ಉಳಿದಿರುವುದೂ ಉಂಟು. ಹುಡುಕಾಟಕ್ಕಾಗಿ ಇವನ್ನು ತೆಗೆದುಹಾಕಬೇಕು. ಹಾಗೆಂದು ಮೂಲ ಶೀರ್ಷಿಕೆಯನ್ನು ತಿದ್ದಬೇಡಿ. ದತ್ತಕೋಶದಲ್ಲಿ ಎರಡು ಕಂಬಸಾಲುಗಳು (ಕಾಲಂಗಳು) ಇರಲಿ: ಒಂದರಲ್ಲಿ ಓದುಗರಿಗೆ ತೋರಿಸುವ ಶುದ್ಧ ಶೀರ್ಷಿಕೆ, ಇನ್ನೊಂದರಲ್ಲಿ ಹುಡುಕಾಟಕ್ಕೆಂದು ಸರಳಗೊಳಿಸಿದ ರೂಪ. ಓದುಗರಿಂದ ಬಂದ ಪಠ್ಯವನ್ನೂ ಅದೇ ಫಂಕ್ಷನ್‌ನಿಂದ ಸರಳಗೊಳಿಸಿ ಎರಡನೆಯ ಕಂಬಸಾಲಿನೊಂದಿಗೆ ಹೋಲಿಸಿ.

ಪರಿವರ್ತಿತ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ ನೋಡುವುದೂ ಅವಶ್ಯಕ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯ ಅಂಕಿ ಕುಳಿತಿರಬಹುದು; ಎರಡೂ ನೋಡಲು ಒಂದೇ ಬಗೆಯ ದುಂಡು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತಿತ್ತು, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕವು ಅದನ್ನು ಸ್ಥಳಾಂತರಿಸಲು ತಪ್ಪಿದ್ದರೆ "ಕರ್ನಾಟಕ" ಎಂಬ ಪದವೇ ಹುಡುಕಾಟಕ್ಕೆ ಸಿಗುವುದಿಲ್ಲ. ಇಂಥವನ್ನು ಯಂತ್ರಕ್ಕೆ ಬಿಡದೆ, ಪುಸ್ತಕಗಳನ್ನು ಬಲ್ಲ ಗ್ರಂಥಪಾಲಕರೊಬ್ಬರ ಜತೆ ಕುಳಿತು ತಿದ್ದುವುದು ಒಳ್ಳೆಯದು.

ಪದಗಳನ್ನು ಬಿಡಿಸುವ ವಿಧಾನದಲ್ಲಿಯೂ ಒಂದು ಅಪಾಯವಿದೆ. ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಪೈಥಾನ್‌ನ ಆರ್‌ಇ ಮಾಡ್ಯೂಲಿನಲ್ಲಿ ಪದಾಕ್ಷರಗಳನ್ನು ಸೂಚಿಸಲು ಬಳಸುವ ಡಬ್ಲ್ಯೂ ಸಂಕೇತವು ನಮ್ಮ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಪದದ ಭಾಗವೆಂದು ಗಣಿಸುವುದಿಲ್ಲ. ಆ ಸಂಕೇತದಿಂದ "ಪುಸ್ತಕ" ಎಂಬ ಪದವನ್ನು ಹೆಕ್ಕಿದರೆ "ಪ", "ಸ", "ತಕ" ಎಂಬ ಮೂರು ಚೂರುಗಳು ದೊರೆಯುತ್ತವೆ. ಇಂಗ್ಲಿಷ್ ಪಾಠಗಳಿಂದ ನಕಲು ಮಾಡಿದ ಕೋಡು ಕನ್ನಡದಲ್ಲಿ ಕೆಡುವುದು ಹೆಚ್ಚಾಗಿ ಈ ಜಾಗದಲ್ಲಿ. ಖಾಲಿ ಜಾಗದ ಆಧಾರದಲ್ಲಿ ಪದಗಳನ್ನು ಬಿಡಿಸಿ, ವಿರಾಮಚಿಹ್ನೆಗಳನ್ನು ಪ್ರತ್ಯೇಕವಾಗಿ ತೆಗೆಯಿರಿ; ಇಲ್ಲವೇ ರೆಜೆಕ್ಸ್ ಎಂಬ ಬೇರೆಯ ಮಾಡ್ಯೂಲನ್ನು ಸ್ಥಾಪಿಸಿಕೊಳ್ಳಿ, ಅದು ಚಿಹ್ನೆಗಳನ್ನು ಸರಿಯಾಗಿ ಗುರುತಿಸುತ್ತದೆ. ಅಂಕಿಗಳ ವಿಷಯದಲ್ಲಿ ಮಾತ್ರ ಪೈಥಾನ್ ನಮಗೆ ಉದಾರವಾಗಿದೆ: ಓದುಗರು ಸದಸ್ಯತ್ವದ ಸಂಖ್ಯೆಯನ್ನು ೧೨ ಎಂದು ಕನ್ನಡ ಅಂಕಿಗಳಲ್ಲಿ ಬರೆದರೂ ಇಂಟ್ ಫಂಕ್ಷನ್ ಅದನ್ನು 12 ಎಂದೇ ಓದುತ್ತದೆ.

ಇನ್ನು ವಿಭಕ್ತಿಗಳು. ಓದುಗರು ಶೀರ್ಷಿಕೆಯನ್ನೇ ಬರೆಯುತ್ತಾರೆಂದು ಭಾವಿಸಬೇಡಿ. "ಹಣ್ಣಿನ ಬೆಳೆಯ ಬಗ್ಗೆ ಪುಸ್ತಕ ಇದೆಯೇ" ಎಂದು ಕೇಳುತ್ತಾರೆ. ನಿಮ್ಮ ಪಟ್ಟಿಯಲ್ಲಿ "ಹಣ್ಣು" ಎಂದಿರುತ್ತದೆ. ಹಣ್ಣು, ಹಣ್ಣಿನ, ಹಣ್ಣಿಗೆ ಎಂಬ ರೂಪಗಳಿಗೆ "ಹಣ್ಣ" ಎಂಬ ಭಾಗ ಸಮಾನ. ಪಟ್ಟಿಯ ಪದಗಳ ಕೊನೆಯ ಸ್ವರಚಿಹ್ನೆಯನ್ನು ಬಿಟ್ಟು, ಉಳಿದ ಭಾಗದಿಂದ ಓದುಗರ ಪದ ಆರಂಭವಾಗುತ್ತದೆಯೇ ಎಂದು ನೋಡಿದರೆ ಬಹಳಷ್ಟು ಸಂದರ್ಭಗಳಲ್ಲಿ ಸಾಕಾಗುತ್ತದೆ. ಇದು ವ್ಯಾಕರಣದ ಪೂರ್ಣ ವಿಶ್ಲೇಷಣೆಯಲ್ಲ, ಕಣ್ಣಿಗೆ ಹಚ್ಚುವ "ಕಾಡಿಗೆ"ಯನ್ನು ಹುಡುಕುವಾಗ "ಕಾಡು" ಕೂಡ ಬರಬಹುದು. ಹೊಂದಿದ ಪದಗಳ ಸಂಖ್ಯೆಯ ಆಧಾರದಲ್ಲಿ ಫಲಿತಾಂಶಗಳನ್ನು ಜೋಡಿಸಿ, ಮೊದಲ ಕೆಲವನ್ನು ಮಾತ್ರ ತೋರಿಸಿ. ಅವಸರದಲ್ಲಿ ಶಕಾರ, ಷಕಾರಗಳು ಅದಲುಬದಲಾಗುವುದು, ಮಹಾಪ್ರಾಣ ಬಿಟ್ಟುಹೋಗುವುದು ಫೋನಿನಲ್ಲಿ ಸಾಮಾನ್ಯ. ಏನೂ ಸಿಗದಿದ್ದಾಗ ಮಾತ್ರ ಡಿಫ್‌ಲಿಬ್ ಮಾಡ್ಯೂಲಿನ ಸಮೀಪದ ಹೋಲಿಕೆಗಳ ಫಂಕ್ಷನ್ ಬಳಸಿ, "ಇವುಗಳಲ್ಲಿ ಯಾವುದಾದರೂ ಇರಬಹುದೇ" ಎಂದು ಕೇಳುವುದು ಸೌಜನ್ಯವೂ ಹೌದು.

ಪ್ರಶ್ನಿಸಿದವರ ಮರುಬರಹ
ಬರೆದವರು: ಓದುಗಬಳಗ

ಇಷ್ಟು ತಾಳ್ಮೆಯಿಂದ ವಿವರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಕಂಬಸಾಲುಗಳ ಸಲಹೆಯಿಂದ ಹುಡುಕಾಟದ ಸ್ವರೂಪವೇ ಬದಲಾಗಿದೆ. ಕಾಣೆಯಾಗಿದ್ದ ಶೀರ್ಷಿಕೆಗಳು ಈಗ ಸಿಗುತ್ತಿವೆ. ಬಟನ್ ಮತ್ತು ಸಮಯದ ತೊಂದರೆಗಳೂ ನಿವಾರಣೆಯಾದವು.

ಮುಂದಿನ ಹಂತದ ಕುರಿತು ಇನ್ನು ಕೆಲವು ಸಂದೇಹಗಳಿವೆ. ಗ್ರಂಥಾಲಯದ ಹಳೆಯ ಗಣಕದಲ್ಲೇ ಬಾಟ್ ನಡೆಸಲು ಸಾಧ್ಯವೇ, ಅಥವಾ ಬಾಡಿಗೆ ಸರ್ವರ್ ಬೇಕೇ? ಅಲ್ಲಿ ಬಾಟ್ ಓಡುತ್ತಿರುವಾಗ ಮನೆಯ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿದರೆ 409 ಎಂಬ ಸಂಘರ್ಷದ ದೋಷ ಬರುತ್ತದೆ. ಬಾಟ್‌ನೊಂದಿಗೆ ಮಾತನಾಡುತ್ತಿರುವವರು ನಮ್ಮ ಸದಸ್ಯರೇ ಎಂದು ಖಚಿತಪಡಿಸಿಕೊಳ್ಳುವ ಬಗೆ ಯಾವುದು? "ಹುಡುಕು" ಎಂಬಂತಹ ಆಜ್ಞೆಗಳನ್ನು ಕನ್ನಡದಲ್ಲೇ ಇಡಬಹುದೇ ಎಂದು ನಮ್ಮ ಹಿರಿಯ ಸದಸ್ಯರು ಕೇಳುತ್ತಿದ್ದಾರೆ.

ಉತ್ತರ 4
ಬರೆದವರು: ಹೊಳೆದಂಡೆ

ಹಳೆಯ ಗಣಕವೇ ಸಾಕು. ಪೋಲಿಂಗ್ ವಿಧಾನದಲ್ಲಿ ನಿಮ್ಮ ಗಣಕವೇ ಟೆಲಿಗ್ರಾಂ ಸರ್ವರನ್ನು ಸಂಪರ್ಕಿಸಿ ಹೊಸ ಸಂದೇಶಗಳನ್ನು ಕೇಳುತ್ತದೆ. ಹೊರಗಿನಿಂದ ಯಾರೂ ಒಳಗೆ ಬರಬೇಕಾಗಿಲ್ಲವಾದ್ದರಿಂದ ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲೂ ನಡೆಯುತ್ತದೆ. ಟೆಲಿಗ್ರಾಂ ತಾನೇ ನಿಮ್ಮ ಸರ್ವರಿಗೆ ಸಂದೇಶ ತಲುಪಿಸುವ ವೆಬ್‌ಹುಕ್ ವಿಧಾನಕ್ಕಾದರೆ ಎಚ್‌ಟಿಟಿಪಿಎಸ್ ವಿಳಾಸ ಬೇಕು, 443, 80, 88, 8443 ಎಂಬ ಪೋರ್ಟ್‌ಗಳಲ್ಲಿ ಒಂದು ತೆರೆದಿರಬೇಕು. ನಿಮ್ಮ ಅಗತ್ಯಕ್ಕೆ ಅಷ್ಟು ಶ್ರಮ ಬೇಡ. ಆದರೆ ಬಾಟ್ ಪಡೆಯದ ಸಂದೇಶಗಳನ್ನು ಟೆಲಿಗ್ರಾಂ 24 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದಿದ್ದರೆ ಆ ನಡುವೆ ಬಂದ ಕೆಲವು ಕೋರಿಕೆಗಳು ಉತ್ತರವಿಲ್ಲದೆ ಕಳೆದುಹೋಗುತ್ತವೆ. ಮಲೆನಾಡಿನಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ. ಬಾಟ್‌ನ ಪರಿಚಯ ಬರಹದಲ್ಲಿಯೇ ಓದುಗರಿಗೆ ತಿಳಿಸಿಬಿಡಿ.

409 ದೋಷದ ಕಾರಣವೂ ಇದಕ್ಕೆ ಸಂಬಂಧಿಸಿದ್ದೇ. ಒಂದು ಟೋಕನ್‌ನಿಂದ ಒಂದು ಸಮಯಕ್ಕೆ ಒಂದೇ ಕಡೆಯಿಂದ ಪೋಲಿಂಗ್ ನಡೆಯಬಹುದು. ಪರೀಕ್ಷೆಗೆಂದೇ ಬಾಟ್‌ಫಾದರ್‌ನಿಂದ ಇನ್ನೊಂದು ಬಾಟ್ ಪಡೆದು, ಅದರ ಟೋಕನ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಬಳಸಿ. ಟೋಕನ್ ಅನ್ನು ಕೋಡಿನೊಳಗೆ ಬರೆಯದೆ ಪರಿಸರ ಚರದಲ್ಲಿ (ಕೋಡಿನ ಹೊರಗೆ ಗಣಕ ಇಟ್ಟುಕೊಳ್ಳುವ ಮೌಲ್ಯದಲ್ಲಿ) ಇಡಿ. ಟೋಕನ್ ಬಲ್ಲವರು ಯಾರೇ ಆದರೂ ಬಾಟ್‌ನ ಸಂಪೂರ್ಣ ಒಡೆಯರಾಗುತ್ತಾರೆ. ಎಲ್ಲಾದರೂ ಬಹಿರಂಗವಾದ ಅನುಮಾನ ಬಂದರೆ ಬಾಟ್‌ಫಾದರ್‌ನಲ್ಲಿ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬಹುದು.

ಸದಸ್ಯರನ್ನು ಗುರುತಿಸಲು ಫೋನ್ ಸಂಖ್ಯೆಯನ್ನು ಹಂಚಿಕೊಳ್ಳುವ ಬಟನ್ ಇದೆ. ಅದನ್ನು ಬಳಸುವುದಾದರೆ, ಬಂದ ಸಂಪರ್ಕದ ಬಳಕೆದಾರ ಗುರುತು ಕಳುಹಿಸಿದವರ ಗುರುತೇ ಆಗಿದೆಯೇ ಎಂದು ಪರಿಶೀಲಿಸಲೇಬೇಕು, ಏಕೆಂದರೆ ಬೇರೆಯವರ ಸಂಪರ್ಕವನ್ನು ಕಳುಹಿಸುವುದೂ ಸಾಧ್ಯ. ನಾನು ಇನ್ನೊಂದು ದಾರಿಯನ್ನು ಹೆಚ್ಚು ಇಷ್ಟಪಡುತ್ತೇನೆ. ಟೆಲಿಗ್ರಾಂ ಬಾಟ್‌ನ ಕೊಂಡಿಗೆ ಸ್ಟಾರ್ಟ್ ಎಂಬ ಹೆಸರಿನಲ್ಲಿ 64 ಅಕ್ಷರಗಳವರೆಗಿನ ಸಂಕೇತವನ್ನು ಸೇರಿಸಬಹುದು. ಪ್ರತಿ ಸದಸ್ಯರಿಗೂ ಊಹಿಸಲಾಗದ ಒಂದು ಸಂಕೇತವನ್ನು ಸೃಷ್ಟಿಸಿ, ಕ್ಯುಆರ್ ಕೋಡ್ ಆಗಿ ಮುದ್ರಿಸಿ, ಸದಸ್ಯರು ಗ್ರಂಥಾಲಯಕ್ಕೆ ಬಂದಾಗ ಕೈಗೆ ಕೊಡಿ. ಅವರು ಸ್ಕ್ಯಾನ್ ಮಾಡಿ ಆರಂಭಿಸಿದ ಕೂಡಲೇ ಅವರ ಚಾಟ್ ಗುರುತು ಸದಸ್ಯತ್ವಕ್ಕೆ ಜೋಡಣೆಯಾಗುತ್ತದೆ, ಸಂಕೇತ ರದ್ದಾಗುತ್ತದೆ. ಇದರಿಂದ ಮತ್ತೊಂದು ಅಡ್ಡಿಯೂ ಪರಿಹಾರವಾಗುತ್ತದೆ: ಬಾಟ್ ತಾನಾಗಿ ಯಾರೊಂದಿಗೂ ಮಾತು ಆರಂಭಿಸುವಂತಿಲ್ಲ, ಬಳಕೆದಾರರೇ ಮೊದಲು ಆರಂಭಿಸಬೇಕು. ಒಮ್ಮೆ ಆರಂಭಿಸಿದವರಿಗೆ ಮಾತ್ರ ನಿಮ್ಮ ನೆನಪಿನ ಸಂದೇಶ ತಲುಪುತ್ತದೆ. ಅವರು ಮುಂದೆ ಬಾಟ್ ಅನ್ನು ನಿರ್ಬಂಧಿಸಿದರೆ ಫರ್ಬಿಡನ್ ಎಂಬ ದೋಷ ಬರುತ್ತದೆ. ಅದನ್ನು ಹಿಡಿದು ಆ ಸದಸ್ಯರ ಜೋಡಣೆಯನ್ನು ತೆಗೆದುಬಿಡಿ, ಇಲ್ಲದಿದ್ದರೆ ಒಂದು ವಿಫಲ ಸಂದೇಶದಿಂದ ಉಳಿದವರ ಸರದಿಯೂ ನಿಂತುಹೋಗಬಹುದು.

ಬಾಟ್‌ಗಳೊಂದಿಗೆ ಟೆಲಿಗ್ರಾಂನ ರಹಸ್ಯ ಚಾಟ್ ಸೌಲಭ್ಯ ಇಲ್ಲ. ಯಾರು ಯಾವ ಪುಸ್ತಕ ಓದುತ್ತಾರೆಂಬುದು ಅವರ ಖಾಸಗಿ ಸಂಗತಿ. ಪುಸ್ತಕ ಹಿಂದಿರುಗಿದ ಮೇಲೆ ಆ ಸದಸ್ಯರ ಹೆಸರನ್ನು ಬಾಟ್‌ನ ದತ್ತಕೋಶದಿಂದ ಅಳಿಸುವಂತೆ ಕೋಡಿನಲ್ಲಿಯೇ ವ್ಯವಸ್ಥೆ ಮಾಡಬೇಕೆಂದು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಉತ್ತರ 5
ಬರೆದವರು: ಲಿಪಿಶೋಧಕ

ಕನ್ನಡದ ಆಜ್ಞೆಗಳ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಓರೆಗೆರೆಯಿಂದ ಆರಂಭವಾಗುವ ಆಜ್ಞೆಯ ಹೆಸರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು, ಅಂಕಿಗಳು ಮತ್ತು ಅಡಿಗೆರೆ ಮಾತ್ರ ಇರಬಹುದು, ಉದ್ದ 32 ಅಕ್ಷರಗಳನ್ನು ಮೀರಬಾರದು. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಮೆನುವಿನಲ್ಲಿ ಆಜ್ಞೆಯ ಪಕ್ಕ ಕಾಣುವ ವಿವರಣೆಯನ್ನು ಕನ್ನಡದಲ್ಲಿ ಬರೆಯಬಹುದು. ವಿವರಣೆಗಳನ್ನು ಭಾಷಾವಾರು ನಿಗದಿಪಡಿಸುವ ಅವಕಾಶವೂ ಇದೆ. ಆದರೂ ಫೋನಿನ ಭಾಷೆಯನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡ ಕನ್ನಡಿಗರು ಬಹಳ ಮಂದಿ ಇರುವುದರಿಂದ, ಕನ್ನಡದ ವಿವರಣೆಯನ್ನೇ ಎಲ್ಲರಿಗೂ ಅನ್ವಯಿಸುವ ಮೂಲ ವಿವರಣೆಯಾಗಿ ಇಡಿ.

ನಿಮ್ಮ ಹಿರಿಯ ಸದಸ್ಯರಿಗೆ ಆಜ್ಞೆಗಳ ಅಗತ್ಯವೇ ಬೀಳದಂತೆ ಮಾಡಬಹುದು. ಬರೆಯುವ ಜಾಗದ ಕೆಳಗೆ ಸ್ಥಿರವಾಗಿ ಕಾಣುವ ಕೀಲಿಮಣೆಯಲ್ಲಿ "ಪುಸ್ತಕ ಹುಡುಕಿ", "ನನ್ನ ಬಳಿಯಿರುವ ಪುಸ್ತಕಗಳು", "ಸಹಾಯ" ಎಂಬ ಮೂರು ಬಟನ್‌ಗಳನ್ನಿಡಿ. ಅವನ್ನು ಒತ್ತಿದಾಗ ಅದೇ ಕನ್ನಡ ಪಠ್ಯ ಸಾಮಾನ್ಯ ಸಂದೇಶವಾಗಿ ಬಾಟ್‌ಗೆ ಬರುತ್ತದೆ. ಅದನ್ನು ಸರಳಗೊಳಿಸುವ ಫಂಕ್ಷನ್‌ನ ಮೂಲಕ ಹಾಯಿಸಿ ಹೋಲಿಸಿದರೆ, ಬಟನ್ ಒತ್ತದೆ ಕೈಯಿಂದಲೇ "ಸಹಾಯ" ಎಂದು ಬರೆದವರಿಗೂ ಅದೇ ಉತ್ತರ ಸಿಗುತ್ತದೆ. ಈ ಹ್ಯಾಂಡ್ಲರ್ ಹುಡುಕಾಟದ ಹ್ಯಾಂಡ್ಲರ್‌ಗಿಂತ ಮೊದಲು ಇರಬೇಕು, ಇಲ್ಲದಿದ್ದರೆ "ಸಹಾಯ" ಎಂಬ ಶೀರ್ಷಿಕೆಯ ಪುಸ್ತಕಕ್ಕಾಗಿ ಬಾಟ್ ಹುಡುಕತೊಡಗುತ್ತದೆ.

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಓದುಗರೂ ಬರುತ್ತಾರೆ. ಅವರಿಗಾಗಿ ಪ್ರತಿ ಶೀರ್ಷಿಕೆಯ ಲಿಪ್ಯಂತರ ರೂಪವನ್ನು ಮೂರನೆಯ ಕಂಬಸಾಲಿನಲ್ಲಿ ಸೇರಿಸಿ, ಸಮೀಪದ ಹೋಲಿಕೆಯಿಂದ ಹುಡುಕಿ, ಉತ್ತರವನ್ನು ಮಾತ್ರ ಕನ್ನಡ ಲಿಪಿಯಲ್ಲೇ ಕೊಡಿ.